ರೀಬಸ್‌ನನ್ನು ಮೆಚ್ಚಿಕೊಂಡರೆ ತಪ್ಪೇ? ಒರಟು ಬ್ರಿಟಿಷ್ ಪತ್ತೇದಾರರ ಬಗ್ಗೆ ಒಂದು ಪ್ರಶ್ನೆ

ಸಂಜೆ ಓದುಗ

ನಿವೃತ್ತನಾಗಿ ಎರಡು ವರ್ಷವಾಯಿತು. ಅಗಾಥಾ ಕ್ರಿಸ್ಟಿಯನ್ನು ಕಾಲೇಜಿನಲ್ಲಿದ್ದಾಗಲೇ ಓದಿ ಮುಗಿಸಿದ್ದೆ. ಅಲ್ಲಿ ಕೊಲೆಯಾದರೂ ಯಾರ ಅಂಗಿಯ ಇಸ್ತ್ರಿಯೂ ಕೆಡುವುದಿಲ್ಲ. ಈಗ ಇಯಾನ್ ರ‍್ಯಾಂಕಿನ್ ಅವರ ಇನ್‌ಸ್ಪೆಕ್ಟರ್ ಜಾನ್ ರೀಬಸ್‌ನ ಕೈಗೆ ಸಿಕ್ಕಿಬಿದ್ದಿದ್ದೇನೆ. ಎಡಿನ್‌ಬರೋದ ಮಳೆ, ಸಿಗರೇಟು, ವಿಸ್ಕಿ, ಮುರಿದ ಮದುವೆ, ಮೇಲಧಿಕಾರಿಗಳ ಜೊತೆ ದಿನವೂ ರಗಳೆ. ಕಾನೂನಿನ ಪುಸ್ತಕವನ್ನು ಈತ ಅಲುಗಾಡುವ ಮೇಜಿನ ಕಾಲಿಗೆ ಆಸರೆಯಾಗಿ ಇಟ್ಟುಕೊಂಡಿರಬೇಕು. ಆದರೂ ಕಾದಂಬರಿ ಕೆಳಗಿಡಲು ಮನಸ್ಸು ಬರುವುದಿಲ್ಲ.

ತೊಂದರೆ ಶುರುವಾದದ್ದು ಊಟದ ಹೊತ್ತಿನಲ್ಲಿ. ‘ಬ್ಲ್ಯಾಕ್ ಅಂಡ್ ಬ್ಲೂ’ ಮುಗಿಸಿದ ಉತ್ಸಾಹದಲ್ಲಿ ಮಗಳಿಗೆ ಕಥೆ ಹೇಳುತ್ತಿದ್ದೆ. ರೀಬಸ್‌ನನ್ನು ಬೆಳೆಸಿದ ಹಿರಿಯ ಅಧಿಕಾರಿಯೊಬ್ಬ ಹಳೆಯ ಪ್ರಕರಣವೊಂದರಲ್ಲಿ ಅಡ್ಡದಾರಿ ಹಿಡಿದಿದ್ದ, ರೀಬಸ್ ಅವನನ್ನು ಉಳಿಸಲು ಬಾಯಿ ಮುಚ್ಚಿಕೊಂಡಿದ್ದ ಎಂದೆಲ್ಲ. ಅವಳು ಹುಳಿ ಬಡಿಸುತ್ತಾ ಕೇಳಿದಳು: “ಅಪ್ಪಾ, ಸೈಟಿನ ಗಲಾಟೆಯಲ್ಲಿ ಠಾಣೆಯವರು ನಿಮ್ಮನ್ನು ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದರು ಎಂದು ಒಂದು ವಾರ ನಿದ್ದೆ ಬಿಟ್ಟಿದ್ದಿರಿ. ಈ ರೀಬಸ್ ಮಾತ್ರ ಹೇಗೆ ಅಷ್ಟು ಒಳ್ಳೆಯವನಾದ?”

ನನ್ನಲ್ಲಿ ಉತ್ತರವಿರಲಿಲ್ಲ. ಹುಳಿಗೆ ಉಪ್ಪು ಕಡಿಮೆಯಾಗಿದೆ ಎಂದು ಮಾತು ಮರೆಸಿದೆ.

ಎರಡು ಪ್ರಶ್ನೆ. ಒಂದು, ಮಗಳದು. ಇನ್ನೊಂದು, ಈ ಜಾತಿಯ ಕಾದಂಬರಿಗಳಲ್ಲಿ ಮುಂದೆ ಯಾವುದನ್ನು ಹಿಡಿಯಬೇಕು?

ಕರಾವಳಿ ಕಾಗೆ

ಮಗಳು ಹೇಳಿದ್ದೇ ಸರಿ. ಚರ್ಚೆ ಮುಗಿಯಿತು.

ಹಳೆಯ ಪುಸ್ತಕದಂಗಡಿ

ಚರ್ಚೆ ಈಗ ಶುರುವಾಗುತ್ತಿದೆ ಕಾಗೆಯವರೇ, ಸ್ವಲ್ಪ ಕೂತುಕೊಳ್ಳಿ.

ಓದುಗರೇ, ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಅದು ಸುಲಭ. ರೀಬಸ್‌ಗೂ ಹಿಂದೆ ಒಬ್ಬನಿದ್ದಾನೆ. ವಿಲಿಯಂ ಮೆಕಿಲ್ವಾನಿ 1977ರಲ್ಲಿ ಬರೆದ ‘ಲೇಡ್‌ಲಾ’. ಊರು ಗ್ಲಾಸ್ಗೋ. ಈ ಪತ್ತೇದಾರ ಮೇಜಿನ ಖಾನೆಯಲ್ಲಿ ಕೀರ್ಕೆಗಾರ್ಡ್, ಕಮೂ, ಉನಾಮುನೊ ಅವರ ಪುಸ್ತಕಗಳನ್ನು ಬಚ್ಚಿಟ್ಟುಕೊಂಡಿರುತ್ತಾನೆ; ಬೇರೆಯವರು ಮದ್ಯದ ಬಾಟಲಿ ಇಡುವ ಹಾಗೆ. ಕೊಲೆಗಾರ ಯಾರು ಎಂಬ ಗುಟ್ಟನ್ನು ಲೇಖಕ ಕೊನೆಯವರೆಗೆ ಕಾಯುವುದೇ ಇಲ್ಲ. ಆ ಹುಡುಗನನ್ನು ಮೊದಲು ಮುಟ್ಟುವವರು ಪೊಲೀಸರೋ, ಸೇಡಿಗೆ ಕಾದಿರುವವರೋ ಎಂಬುದೇ ಕಥೆ. ಸ್ಕಾಟ್ಲೆಂಡಿನ ಕ್ರೈಂ ಬರಹಗಾರರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಆ ಮನುಷ್ಯನಿಗೆ ಸಾಲಗಾರರು. ಮೆಕಿಲ್ವಾನಿ 2015ರಲ್ಲಿ ತೀರಿಕೊಂಡರು. ಅರ್ಧಕ್ಕೆ ನಿಂತಿದ್ದ ಅವರ ಕೊನೆಯ ಲೇಡ್‌ಲಾ ಕಥೆಯನ್ನು ಮುಗಿಸಿ 2021ರಲ್ಲಿ ‘ದಿ ಡಾರ್ಕ್ ರಿಮೇನ್ಸ್’ ಎಂದು ಹೊರತಂದವರು ನಿಮ್ಮ ರ‍್ಯಾಂಕಿನ್ ಅವರೇ.

ಒಟ್ಟು ಮೂರೇ ಲೇಡ್‌ಲಾ ಕಾದಂಬರಿಗಳನ್ನು ಅವರು ತಮ್ಮ ಕಾಲದಲ್ಲಿ ಪ್ರಕಟಿಸಿದ್ದು. ಅವುಗಳಿಂದ ಶುರು ಮಾಡಿ.

ನಿದ್ದೆಗೇಡಿ

ಪುಸ್ತಕ ಬಿಡಿ, ಮೊದಲು ‘ದಿ ಸ್ವೀನಿ’ ನೋಡಿ. 1975ರಿಂದ 1978ರವರೆಗೆ ಬಂದ ಐಟಿವಿ ಧಾರಾವಾಹಿ. ಜಾನ್ ಥಾ ಮಾಡಿದ ಜ್ಯಾಕ್ ರೀಗನ್ ಎಂಬ ಪಾತ್ರವೇ ಈ ಕುಲದ ಮೂಲಪುರುಷ. ಲಂಡನ್ ಪೊಲೀಸರ ಫ್ಲೈಯಿಂಗ್ ಸ್ಕ್ವಾಡ್ ದರೋಡೆಕೋರರನ್ನು ಹಿಡಿಯುವ ಪಡೆ. ಬೀದಿಯ ಪ್ರಾಸದ ಭಾಷೆಯಲ್ಲಿ ಸ್ಕ್ವಾಡ್‌ಗೆ ಪ್ರಾಸವಾಗಿ ಅದಕ್ಕೆ ‘ಸ್ವೀನಿ ಟಾಡ್’ ಎನ್ನುತ್ತಾರೆ, ಅದರ ಅರ್ಧ ಕತ್ತರಿಸಿದರೆ ‘ಸ್ವೀನಿ’.

ಒಂದು ಕಂತು ನೋಡಿದರೆ ಸಾಕು. ಕಾರು ನಿಲ್ಲುವ ಮೊದಲೇ ಬಾಗಿಲು ತೆರೆದುಕೊಳ್ಳುತ್ತದೆ. ಓಡುವ ಜಾಗಗಳೆಲ್ಲ ಪಾಳುಬಿದ್ದ ಗೋದಾಮು, ಕೆಸರು, ತುಕ್ಕು ಹಿಡಿದ ತಗಡು. ಸ್ಟುಡಿಯೋ ಬಿಟ್ಟು ನಿಜವಾದ ಬೀದಿಗಳಲ್ಲಿ ಚಿತ್ರೀಕರಿಸಿದ್ದರಿಂದ ಆ ಕಾಲದ ಲಂಡನ್ ಹೇಗಿತ್ತೋ ಹಾಗೇ ಸಿಗುತ್ತದೆ. ಅದೇ ಜಾನ್ ಥಾ 1987ರಲ್ಲಿ ಇನ್‌ಸ್ಪೆಕ್ಟರ್ ಮೋರ್ಸ್ ಆಗಿ ಆಕ್ಸ್‌ಫರ್ಡಿನಲ್ಲಿ ಒಪೆರಾ ಕೇಳುತ್ತಾ ಪದಬಂಧ ಬಿಡಿಸಿದ್ದು ನನಗೆ ಇಂದಿಗೂ ನಂಬಲಾಗದ ಸಂಗತಿ.

ಬಿಸಿಲ ಕುದುರೆ

ರೀಗನ್ ಮಾಡಿದ್ದರಲ್ಲಿ ತಪ್ಪೇನಿದೆ? ಒಂದೆರಡು ಏಟು ಬೀಳದೆ ಯಾವ ಕಳ್ಳ ಬಾಯಿ ಬಿಟ್ಟಿದ್ದಾನೆ? ಓದುಗರೇ, ನಿಮ್ಮನ್ನು ಕೂರಿಸಿದ್ದು ಸೈಟಿನ ವಿಷಯಕ್ಕೆ. ಅಲ್ಲಿ ಇರುವುದು ಕೊಲೆ.

ಧಾರವಾಡದ ಕರಿಕೋಟು

ಬಿಸಿಲ ಕುದುರೆಯವರೇ, ಏಟು ಬಿದ್ದರೆ ಕಳ್ಳನಲ್ಲದವನೂ ಬಾಯಿ ಬಿಡುತ್ತಾನೆ. ತೊಂದರೆ ಇರುವುದೇ ಅಲ್ಲಿ.

ನಾನು ವಕೀಲ, ಆದ್ದರಿಂದ ಈ ಕಾದಂಬರಿಗಳನ್ನು ಸ್ವಲ್ಪ ವಕ್ರವಾಗಿ ಓದುತ್ತೇನೆ. ಕಥೆ ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಬಂದು ಮುಟ್ಟುವುದು ಒಂದೇ ಕೋಣೆಗೆ. ಒಂದು ಮೇಜು, ಎರಡು ಕುರ್ಚಿ, ಬೂದಿ ತುಂಬಿದ ಬಟ್ಟಲು. ಪತ್ತೇದಾರ ಒಳಗೆ ಹೋಗುತ್ತಾನೆ, ಆರೋಪಿ ಒಪ್ಪಿಕೊಳ್ಳುತ್ತಾನೆ, ಪ್ರಕರಣ ಮುಗಿಯಿತು. ಇದೇ ಕಾಗದವನ್ನು ನಮ್ಮ ನ್ಯಾಯಾಲಯಕ್ಕೆ ತಂದರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಂ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೆಯ ಕಲಂ. ಬರೆದವರು ಯಾರು? ಬ್ರಿಟಿಷರೇ. ಇಲ್ಲಿಯ ಪೊಲೀಸರನ್ನು ನಂಬದೆ ನಮಗೊಂದು ಕಾನೂನು ಮಾಡಿದವರು ತಮ್ಮ ಊರಿನ ಪೊಲೀಸನನ್ನು ಮಾತ್ರ ಕಣ್ಣುಮುಚ್ಚಿ ನಂಬಿದರು. ಅಲ್ಲಿ ಪೊಲೀಸನ ಮುಂದಿನ ತಪ್ಪೊಪ್ಪಿಗೆಯೇ ಸಾಕ್ಷಿ.

ಹಾಗೆಂದು ನಾವು ಸಾಚಾಗಳಲ್ಲ. ಆರೋಪಿಯ ಮಾತಿನಿಂದ ವಸ್ತುವೊಂದು ಪತ್ತೆಯಾದರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಹಾಗಾಗಿ ನಮ್ಮ ದೋಷಾರೋಪ ಪಟ್ಟಿಗಳಲ್ಲಿ “ನನ್ನ ಜೊತೆ ಬಂದರೆ ಮಚ್ಚು ಬಿಸಾಡಿದ ಜಾಗ ತೋರಿಸುತ್ತೇನೆ” ಎಂಬ ಸಾಲು ತಪ್ಪುವುದೇ ಇಲ್ಲ. ಪೊದೆ, ಮಚ್ಚು, ಇಬ್ಬರು ಪಂಚರು, ಮಹಜರು. ಒಂದು ಸಲ ಪಾಟೀಸವಾಲಿನಲ್ಲಿ ಪಂಚನನ್ನು ಕೇಳಿದೆ: “ಆ ಪೊದೆ ಯಾವ ಗಿಡದ್ದು?” “ಲಂಟಾನ” ಎಂದ. “ಮಚ್ಚಿನ ಹಿಡಿ?” “ಮರದ್ದು.” “ನೀವು ಅಲ್ಲಿಗೆ ಹೋದದ್ದು ಯಾವ ವಾಹನದಲ್ಲಿ?” ಆತ ಸಾಹೇಬರ ಕಡೆ ನೋಡಿದ. ಸಹಿ ಹಾಕಿದ್ದು ಠಾಣೆಯ ಮುಂದಿನ ಚಹಾದಂಗಡಿಯಲ್ಲಿ.

ಇಂಗ್ಲೆಂಡಿನ ರೋಗ ಬೇರೆ. ಅಲ್ಲಿ ಪೊಲೀಸ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಆರೋಪಿ ಹೇಳದ ಮಾತನ್ನೂ ಹೇಳಿದನೆಂದು ಬರೆದುಕೊಳ್ಳಬಹುದಿತ್ತು. 1972ರಲ್ಲಿ ಲಂಡನ್ನಿನಲ್ಲಿ ಮ್ಯಾಕ್ಸ್‌ವೆಲ್ ಕಾನ್‌ಫೇಟ್ ಎಂಬಾತನ ಕೊಲೆಯಾಯಿತು. ಮೂವರು ಹುಡುಗರ ತಪ್ಪೊಪ್ಪಿಗೆಯ ಮೇಲೆ ಶಿಕ್ಷೆಯಾಯಿತು, 1975ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. 1974ರ ಬರ್ಮಿಂಗ್‌ಹ್ಯಾಮ್ ಪಬ್ ಸ್ಫೋಟದಲ್ಲಿ 21 ಜನ ಸತ್ತರು. ಅದಕ್ಕಾಗಿ ಆರು ಜನರನ್ನು ಒಳಗೆ ಹಾಕಿದರು, ಅವರು ಹೊರಬಂದದ್ದು 1991ರಲ್ಲಿ. ಏಟು ಕೊಟ್ಟು ಬಾಯಿ ಬಿಡಿಸಿದ್ದರು. ಹದಿನಾರು ವರ್ಷ ಆರು ಜನ ನಿರಪರಾಧಿಗಳು ಜೈಲಿನಲ್ಲಿದ್ದರು ಎಂದರೆ ಸ್ಫೋಟಿಸಿದವರು ಹದಿನಾರು ವರ್ಷ ಹೊರಗಿದ್ದರು ಎಂದೇ ಅರ್ಥ.

1984ರಲ್ಲಿ ಪೇಸ್ ಎಂದು ಕರೆಯುವ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆ ಬಂತು. 1986ರ ಜನವರಿಯಿಂದ ಜಾರಿ. ವಿಚಾರಣೆಯ ಧ್ವನಿಮುದ್ರಣಕ್ಕೆ ದಾರಿಯಾಯಿತು. ಬಂಧನದ ಗಡಿಯಾರ ನೋಡಿಕೊಳ್ಳಲು ಪ್ರಕರಣಕ್ಕೆ ಸಂಬಂಧಪಡದ ಬೇರೆಯೇ ಅಧಿಕಾರಿ ಬಂದ. 24 ಗಂಟೆಯ ಮೇಲೆ ಇಟ್ಟುಕೊಳ್ಳಬೇಕಾದರೆ ಮೇಲಿನವರ ಅನುಮತಿ ಬೇಕು, ಎಷ್ಟೇ ಎಳೆದರೂ 96 ಗಂಟೆ. ರೀಗನ್‌ನಂಥವನ ಅಂಗಡಿ ಅಲ್ಲಿಗೆ ಮುಚ್ಚಿತು.

ಹಳೆಯ ಪುಸ್ತಕದಂಗಡಿ

ವಾಹ್! ಕರಿಕೋಟು ಅವರೇ, ನೀವು ಕೊಟ್ಟ ಇಸವಿಗಳನ್ನು ನೋಡಿ ನನಗೊಂದು ಹೊಳೆಯಿತು. ಆರ್. ಡಿ. ವಿಂಗ್‌ಫೀಲ್ಡ್ ಅವರ ಮೊದಲ ಫ್ರಾಸ್ಟ್ ಕಾದಂಬರಿ 1984. ಮೊದಲ ರೀಬಸ್ ಕಾದಂಬರಿ ‘ನಾಟ್ಸ್ ಅಂಡ್ ಕ್ರಾಸಸ್’ 1987. ನಾಟಿಂಗ್‌ಹ್ಯಾಮಿನ ರೆಸ್ನಿಕ್‌ನನ್ನು ಜಾನ್ ಹಾರ್ವಿ ತಂದದ್ದು 1989. ಅಂದರೆ ಕಾನೂನು ಹಳೆಯ ಕಾಲದ ಪತ್ತೇದಾರನನ್ನು ಠಾಣೆಯಿಂದ ಹೊರಗೆ ಹಾಕುತ್ತಿದ್ದ ಹಾಗೇ ಕಾದಂಬರಿಕಾರರು ಅವನಿಗೆ ಮನೆ ಕೊಟ್ಟರು!

ಲೀತ್ ವಾಸಿ

ಕೇಳಲು ಬಹಳ ಚೆನ್ನಾಗಿದೆ, ಆದರೆ ರೀಬಸ್‌ಗೆ ಅನ್ವಯಿಸುವುದಿಲ್ಲ. ಪೇಸ್ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ. ಸ್ಕಾಟ್ಲೆಂಡಿನ ಕಾನೂನು ಮೊದಲಿನಿಂದಲೂ ಬೇರೆ. ಇದನ್ನು ಬೆರೆಸಿದರೆ ಇಲ್ಲಿಯವರಿಗೆ ಸಿಟ್ಟು ಬರುತ್ತದೆ, ಹನ್ನೊಂದು ವರ್ಷದಿಂದ ಇಲ್ಲಿದ್ದು ಈಗ ನನಗೂ ಬರುತ್ತದೆ.

ಇಲ್ಲಿ ಶಂಕಿತನನ್ನು ಆರು ಗಂಟೆಯವರೆಗೆ ಠಾಣೆಯಲ್ಲಿಟ್ಟು ವಕೀಲರಿಲ್ಲದೆಯೇ ಪ್ರಶ್ನಿಸಬಹುದಿತ್ತು. 2010ರಲ್ಲಿ ಕ್ಯಾಡರ್ ಎಂಬಾತನ ಪ್ರಕರಣದಲ್ಲಿ ಲಂಡನ್ನಿನ ಸರ್ವೋಚ್ಚ ನ್ಯಾಯಾಲಯ ಇದು ಮಾನವ ಹಕ್ಕಿಗೆ ವಿರುದ್ಧ ಎಂದ ಮೇಲೆ ರಾತ್ರೋರಾತ್ರಿ ಪದ್ಧತಿ ಬದಲಾಯಿತು. ರೀಬಸ್ 2007ರ ‘ಎಕ್ಸಿಟ್ ಮ್ಯೂಸಿಕ್’ನಲ್ಲಿ ಅರವತ್ತು ತುಂಬಿ ನಿವೃತ್ತನಾದ. ಅಂದರೆ ಅಲ್ಲಿಯವರೆಗಿನ ಕಾದಂಬರಿಗಳಲ್ಲೆಲ್ಲ ಆತನ ಕೆಲಸ ಆ ಆರು ಗಂಟೆಗಳ ನೆರಳಿನಲ್ಲೇ ನಡೆಯಿತು. ಕಾದಂಬರಿಯಲ್ಲಿ ಅವನಿಗೆ ಆತುರ ಯಾಕೆ ಎಂದು ಇದು ಗೊತ್ತಿದ್ದರೆ ಅರ್ಥವಾಗುತ್ತದೆ.

ಇನ್ನೊಂದು. ಸ್ಕಾಟ್ಲೆಂಡಿನಲ್ಲಿ ಒಂದೇ ಸಾಕ್ಷ್ಯದ ಮೇಲೆ ಶಿಕ್ಷೆಯಾಗುವುದಿಲ್ಲ, ಮುಖ್ಯ ಸಂಗತಿಗಳಿಗೆ ಎರಡು ಮೂಲ ಬೇಕು. ತಪ್ಪೊಪ್ಪಿಗೆ ಒಂದೇ ಸಾಲದು. ಪೊಲೀಸರು ಜೋಡಿಯಾಗಿ ತಿರುಗುವುದಕ್ಕೆ ಇದೂ ಒಂದು ಕಾರಣ. ರೀಬಸ್ ಎಲ್ಲಿ ಹೋದರೂ ಕಿರಿಯ ಸಹೋದ್ಯೋಗಿ ಶಿವಾನ್ ಕ್ಲಾರ್ಕ್ ಜೊತೆಗಿರುವುದು ಬರೀ ಮಾತಿಗೆ ಜನ ಬೇಕೆಂದಲ್ಲ. ಆತ ಒಬ್ಬನೇ ಹೋದ ದಿನ ಆತ ತಂದದ್ದು ನ್ಯಾಯಾಲಯಕ್ಕೆ ಸಾಲುವುದಿಲ್ಲ ಎಂದು ಇಲ್ಲಿಯ ಓದುಗನಿಗೆ ಗೊತ್ತು.

ಹಳೆಯ ಪುಸ್ತಕದಂಗಡಿ

ಒಳ್ಳೆಯ ಸಿದ್ಧಾಂತವೊಂದು ಹತ್ತು ನಿಮಿಷವೂ ಬದುಕಲಿಲ್ಲ. ಫ್ರಾಸ್ಟ್ ಮತ್ತು ರೆಸ್ನಿಕ್ ಮಟ್ಟಿಗಾದರೂ ಉಳಿಸಿಕೊಳ್ಳುತ್ತೇನೆ.

ತುಂಗೆಯ ದಡ

ಸಣ್ಣ ಅನುಮಾನ. ಅಲ್ಲಿ ಡಿಟೆಕ್ಟಿವ್ ಇನ್‌ಸ್ಪೆಕ್ಟರ್ ಎಂದರೆ ಬರೀ ಇನ್‌ಸ್ಪೆಕ್ಟರನಿಗಿಂತ ದೊಡ್ಡವನೇ?

ಲೀತ್ ವಾಸಿ

ಅಲ್ಲ. ದರ್ಜೆ ಒಂದೇ. ಡಿಟೆಕ್ಟಿವ್ ಎಂದರೆ ಅಪರಾಧ ತನಿಖಾ ವಿಭಾಗದವನು, ಸಮವಸ್ತ್ರ ಹಾಕುವುದಿಲ್ಲ ಅಷ್ಟೇ. ಕೆಳಗಿನಿಂದ ಕಾನ್‌ಸ್ಟೆಬಲ್, ಸಾರ್ಜೆಂಟ್, ಇನ್‌ಸ್ಪೆಕ್ಟರ್, ಚೀಫ್ ಇನ್‌ಸ್ಪೆಕ್ಟರ್, ಸೂಪರಿಂಟೆಂಡೆಂಟ್.

ಸರಳರೇಖೆ

ಇಷ್ಟು ಹೊತ್ತು ಗಂಡಸರ ಹೆಸರುಗಳನ್ನೇ ಓದುತ್ತಾ ಬಂದೆ. ನನ್ನ ತಕರಾರು ಏಟಿನ ಬಗ್ಗೆ ಅಲ್ಲ. “ಹಳಬ, ಒರಟ, ಆದರೆ ಅವನ ಮೂಗಿಗೆ ಅಪರಾಧಿಯ ವಾಸನೆ ಹತ್ತುತ್ತದೆ” ಎಂಬ ನಂಬಿಕೆ ಇದೆಯಲ್ಲ, ಅದರ ಬಗ್ಗೆ. ಆ ಮೂಗು ನಿಜ ಜೀವನದಲ್ಲಿ ಏನು ಮಾಡಿತು ಎಂಬುದಕ್ಕೆ ಯಾರ್ಕ್‌ಶೈರಿನ ಪೀಟರ್ ಸಟ್‌ಕ್ಲಿಫ್ ಪ್ರಕರಣವಿದೆ.

ಹದಿಮೂರು ಹೆಂಗಸರನ್ನು ಕೊಂದ. ಪಶ್ಚಿಮ ಯಾರ್ಕ್‌ಶೈರಿನ ಪೊಲೀಸರು ಅವನನ್ನು ಒಂಬತ್ತು ಸಲ ಮಾತನಾಡಿಸಿದ್ದರು. ಒಂಬತ್ತು ಸಲ! ಪ್ರತಿ ಸಲವೂ ಬಿಟ್ಟರು. 1979ರಲ್ಲಿ ಯಾರೋ ಒಬ್ಬ ತಾನೇ ಕೊಲೆಗಾರ ಎಂದು ಧ್ವನಿಸುರುಳಿ ಕಳಿಸಿದ. ಮಾತಿನ ಧಾಟಿ ಈಶಾನ್ಯದ ವೇರ್ ನದಿಯ ಕಡೆಯದು. ತನಿಖೆ ನಡೆಸುತ್ತಿದ್ದ ಅನುಭವಿ ಅಧಿಕಾರಿ ಅದನ್ನು ಪೂರ್ತಿ ನಂಬಿದರು. ಆಮೇಲೆ ಆ ಧಾಟಿ ಇಲ್ಲದವನೆಲ್ಲ ಪಟ್ಟಿಯಿಂದ ಹೊರಗೆ. ಸಟ್‌ಕ್ಲಿಫ್ ಬ್ರ್ಯಾಡ್‌ಫರ್ಡಿನವನು, ಆ ಧಾಟಿ ಅವನದಲ್ಲ. ಹೆಂಗಸರು ಎಂಥವರು ಎಂದು ತೂಗಿ ನೋಡುವ ಚಾಳಿಯೂ ಜೊತೆಗಿತ್ತು. ಸತ್ತವಳು ಸೂಳೆಗಾರಿಕೆ ಮಾಡುತ್ತಿರಲಿಲ್ಲವಾದರೆ ಅವಳನ್ನು ‘ನಿರಪರಾಧಿ’ ಎಂದು ಬೇರೆ ಸಾಲಿನಲ್ಲಿ ಕೂರಿಸುತ್ತಿದ್ದರು. ಉಳಿದವರು ಏನು ಅಪರಾಧ ಮಾಡಿದ್ದರು?

ಕೊನೆಗೆ 1981ರ ಜನವರಿಯಲ್ಲಿ ಶೆಫೀಲ್ಡಿನಲ್ಲಿ ಅವನು ಸಿಕ್ಕಿಬಿದ್ದದ್ದು ಯಾರ ಮೂಗಿನಿಂದಲೂ ಅಲ್ಲ. ಗಸ್ತಿನಲ್ಲಿದ್ದ ಇಬ್ಬರು ಸಾಮಾನ್ಯ ಪೊಲೀಸರು ಕಾರಿನ ನಂಬರ್ ಪ್ಲೇಟ್ ಸುಳ್ಳೆಂದು ಪತ್ತೆ ಮಾಡಿದರು. ಸುರುಳಿ ಕಳಿಸಿದವನು ಡಿಎನ್‌ಎಯಿಂದ ಸಿಕ್ಕಿದ್ದು 2005ರಲ್ಲಿ.

ಆ ತನಿಖೆಯ ಮಾಹಿತಿಯೆಲ್ಲ ಕಾಗದದ ಕಾರ್ಡುಗಳಲ್ಲಿತ್ತು. ಲೀಡ್ಸ್‌ನ ಠಾಣೆಯಲ್ಲಿ ಅದರ ಭಾರಕ್ಕೆ ನೆಲವನ್ನೇ ಗಟ್ಟಿ ಮಾಡಿಸಬೇಕಾಯಿತಂತೆ. ಒಬ್ಬನ ಹೆಸರಿನ ಮೇಲಿದ್ದ ಕಾರ್ಡುಗಳು ಒಂದಕ್ಕೊಂದು ಸಿಗುತ್ತಲೇ ಇರಲಿಲ್ಲ. ಈ ಅವಾಂತರದ ಪಾಠವಾಗಿ ದೊಡ್ಡ ತನಿಖೆಗಳಿಗೆಂದು ಒಂದು ಗಣಕ ವ್ಯವಸ್ಥೆ ಬಂತು. ಅದಕ್ಕೆ ಅವರಿಟ್ಟ ಹೆಸರು ಏನು ಗೊತ್ತೇ? ಹೋಮ್ಸ್!

ನಿದ್ದೆಗೇಡಿ

ಡೇವಿಡ್ ಪೀಸ್ ಅವರ ‘ರೆಡ್ ರೈಡಿಂಗ್’ ನಾಲ್ಕು ಕಾದಂಬರಿಗಳು ಇದೇ ಕಾಲ, ಇದೇ ಪ್ರದೇಶದವು. 1974, 1977, 1980, 1983 ಎಂದು ಇಸವಿಗಳೇ ಹೆಸರು. ಅಲ್ಲಿ ಒರಟ ಪೊಲೀಸರಿದ್ದಾರೆ, ಆದರೆ ಮೆಚ್ಚಲು ಒಬ್ಬನೂ ಸಿಗುವುದಿಲ್ಲ. ವಾಕ್ಯಗಳು ಜ್ವರದಲ್ಲಿ ಬಡಬಡಿಸಿದ ಹಾಗೆ ಮತ್ತೆ ಮತ್ತೆ ಅಲ್ಲಿಗೇ ಬರುತ್ತವೆ. ಓದುಗರ ಮಗಳಿಗೆ ಇದನ್ನು ಕೊಡಿ.

ಸರಳರೇಖೆ

ನಿದ್ದೆಗೇಡಿಯವರೇ, ಸರಿಯಾಗಿ ಹೇಳಿದಿರಿ. ಮತ್ತೆ, ಲಿಂಡಾ ಲಾ ಪ್ಲಾಂಟ್ ಬರೆದ ‘ಪ್ರೈಂ ಸಸ್ಪೆಕ್ಟ್’ ಬಗ್ಗೆ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. 1991. ಹೆಲೆನ್ ಮಿರನ್ ಮಾಡಿದ ಜೇನ್ ಟೆನಿಸನ್ ಪಾತ್ರ. ಕೊಲೆ ತನಿಖೆಯ ಮುಖ್ಯಸ್ಥ ಹೃದಯಾಘಾತದಿಂದ ಸತ್ತ ಮೇಲೆ ಅವಳಿಗೆ ಅವಕಾಶ ಸಿಗುತ್ತದೆ, ಇಡೀ ಕೋಣೆ ಅವಳತ್ತ ಬೆನ್ನು ತಿರುಗಿಸಿ ಕೂರುತ್ತದೆ. ನೀವು ಮೆಚ್ಚುವ ಆ ಹಳೆಯ ಕಾಲದ ಗಂಡಸರು ಹೊಸಬಳೊಬ್ಬಳ ಕಣ್ಣಿಗೆ ಹೇಗೆ ಕಾಣುತ್ತಾರೆ ಎಂಬುದು ಅಲ್ಲಿದೆ. ಸ್ಯಾಲಿ ವೇನ್‌ರೈಟ್ ಅವರ ‘ಹ್ಯಾಪಿ ವ್ಯಾಲಿ’ ಧಾರಾವಾಹಿಯ ಕ್ಯಾಥರಿನ್ ಕೇವುಡ್ ಅಂತೂ ಸಮವಸ್ತ್ರದ ಸಾರ್ಜೆಂಟ್, ಪತ್ತೇದಾರಳೂ ಅಲ್ಲ. ಆದರೂ ಇಡೀ ಕಣಿವೆಯಲ್ಲಿ ಅವಳಷ್ಟು ಗಟ್ಟಿ ಹೆಂಗಸು ಇನ್ನೊಬ್ಬಳಿಲ್ಲ.

ಬಿಸಿಲ ಕುದುರೆ

ಅವಳೂ ನಿಯಮ ಮುರಿಯುತ್ತಾಳಲ್ಲ, ಆಗ ಯಾಕೆ ಚಪ್ಪಾಳೆ?

ಸರಳರೇಖೆ

ಚಪ್ಪಾಳೆ ಹೊಡೆದೆ ಎಂದು ಎಲ್ಲಿ ಹೇಳಿದೆ? (ಹೊಡೆದಿದ್ದೆ. ಅದು ಬೇರೆ ಮಾತು.)

ಸಂಜೆ ಓದುಗ

ಬೆಳಿಗ್ಗೆಯಿಂದ ಇದನ್ನೇ ಓದುತ್ತಾ ಕುಳಿತಿದ್ದೇನೆ, ಹಾಲು ಉಕ್ಕಿ ಹೋಯಿತು.

ನನ್ನ ಪರವಾಗಿ ಒಂದು ಮಾತು. ಸ್ವೀನಿಯ ಬಗ್ಗೆ ನನಗೆ ಗೊತ್ತಿಲ್ಲ, ಆದರೆ ರ‍್ಯಾಂಕಿನ್ ರೀಬಸ್‌ನನ್ನು ಸುಮ್ಮನೆ ಬಿಡುವುದಿಲ್ಲ. 1997ರಲ್ಲಿ ಕ್ರೈಂ ಕಾದಂಬರಿಗೆ ಕೊಡುವ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಪಡೆದ ‘ಬ್ಲ್ಯಾಕ್ ಅಂಡ್ ಬ್ಲೂ’ನಲ್ಲೇ ಹಳೆಯ ಸುಳ್ಳು ಟಿವಿಯವರ ಬಾಯಿಗೆ ಬಿದ್ದು ಎದ್ದು ಬರುತ್ತದೆ. ಅಂತರ್ಜಾಲದಲ್ಲಿ ಹುಡುಕಿದರೆ 2022ರ ಕಾದಂಬರಿಯಲ್ಲಿ ಆತ ಆರೋಪಿಯ ಕಟಕಟೆಯಲ್ಲಿದ್ದಾನೆ, 2024ರದರಲ್ಲಿ ಜೈಲಿನಲ್ಲಿ. ಮಾಡಿದ್ದುಣ್ಣೋ ಮಹಾರಾಯ ಎಂದ ಹಾಗೇ ಆಯಿತಲ್ಲ?

ಕರಾವಳಿ ಕಾಗೆ

1987ರಿಂದ 2022ರವರೆಗೆ ಮೂವತ್ತೈದು ವರ್ಷ ನಮಗೆ ರಂಜನೆ ಕೊಟ್ಟು, ಹಲ್ಲೆಲ್ಲ ಉದುರಿದ ಮೇಲೆ ಕಟಕಟೆಗೆ ತಂದರೆ ಅದು ಶಿಕ್ಷೆಯೇ? ಅಷ್ಟು ಹೊತ್ತಿಗೆ ನೀವು ಇಪ್ಪತ್ತಕ್ಕೂ ಹೆಚ್ಚು ಪುಸ್ತಕ ಕೊಂಡಿರುತ್ತೀರಿ.

ಲೀತ್ ವಾಸಿ

ಕಾಗೆಯವರು ಕುಕ್ಕುವುದು ಸರಿಯಾದ ಜಾಗಕ್ಕೇ. ಆದರೆ ನಡುವೆ 2013ರ ‘ಸೇಂಟ್ಸ್ ಆಫ್ ದಿ ಶ್ಯಾಡೋ ಬೈಬಲ್’ ಇದೆ, ಅದನ್ನು ಬಿಡಬೇಡಿ. ಒಮ್ಮೆ ಖುಲಾಸೆಯಾದವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಎಳೆಯಬಾರದು ಎಂಬ ನಿಯಮವನ್ನು ಸ್ಕಾಟ್ಲೆಂಡ್ 2011ರಲ್ಲಿ ಸಡಿಲಿಸಿತು. ಅದರಿಂದ ರೀಬಸ್‌ನ ಹಳೆಯ ಠಾಣೆಯ ಮೂವತ್ತು ವರ್ಷದ ಹಿಂದಿನ ಕಡತ ತೆರೆದುಕೊಳ್ಳುತ್ತದೆ. ಆ ಠಾಣೆಯ ಗೆಳೆಯರು ತಮ್ಮನ್ನು ತಾವೇ ಸಂತರು ಎಂದು ಕರೆದುಕೊಂಡಿದ್ದರು! ತನಿಖೆ ಮಾಡುವವನು ಮಾಲ್ಕಂ ಫಾಕ್ಸ್, ಪೊಲೀಸರ ಮೇಲಿನ ದೂರುಗಳನ್ನು ನೋಡುವ, ಮದ್ಯ ಬಿಟ್ಟ, ಅಚ್ಚುಕಟ್ಟು ಮನುಷ್ಯ. ಇಡೀ ಕಾದಂಬರಿ ಓದುಗರ ಮಗಳ ಪ್ರಶ್ನೆಯ ಮೇಲೇ ನಿಂತಿದೆ.

ವಿಷಯ ಬಿಟ್ಟು ಸ್ವಲ್ಪ. ಎರಡು ವರ್ಷದ ಹಿಂದೆ ಊರಿನಿಂದ ಸೋದರಮಾವ ಬಂದಿದ್ದರು. ಕೋಟೆ ಬೇಡ, ಅರಮನೆ ಬೇಡ, ರೀಬಸ್ ಕುಡಿಯುವ ಆಕ್ಸ್‌ಫರ್ಡ್ ಬಾರ್ ತೋರಿಸು ಎಂದರು. ಅದು ಯಂಗ್ ಸ್ಟ್ರೀಟಿನಲ್ಲಿ ನಿಜವಾಗಿಯೂ ಇದೆ, ಗಮನಿಸದಿದ್ದರೆ ದಾಟಿ ಹೋಗಿಬಿಡುತ್ತೀರಿ. ಬಾಗಿಲು ತಳ್ಳಿದರೆ ಎದುರಿಗೇ ಕೌಂಟರು. ಹತ್ತು ಜನ ನಿಂತರೆ ಹನ್ನೊಂದನೆಯವನಿಗೆ ಮೊಣಕೈ ಮಡಚಲು ಜಾಗವಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಹಿಂದೆ ಇನ್ನೊಂದು ಕೋಣೆ, ಮರದ ಮೇಜುಗಳು. ಅಲಂಕಾರ, ಸಂಗೀತ ಏನೂ ಇಲ್ಲ. ಮಾವ ಜನ್ಮದಲ್ಲಿ ಮದ್ಯ ಮುಟ್ಟಿದವರಲ್ಲ. ಕಿತ್ತಳೆ ರಸದ ಲೋಟ ಹಿಡಿದು ಮುಕ್ಕಾಲು ಗಂಟೆ ಬಾಗಿಲನ್ನೇ ನೋಡುತ್ತಾ ನಿಂತಿದ್ದರು. ಹೊರಡುವಾಗ “ಇವತ್ತು ಅವನಿಗೆ ರಾತ್ರಿ ಪಾಳಿ ಇರಬೇಕು” ಎಂದರು.

ತುಂಗೆಯ ದಡ

ನಿಮ್ಮ ಮಾವನಿಗೆ ನನ್ನ ನಮಸ್ಕಾರ.

ಧಾರವಾಡದ ಕರಿಕೋಟು

ಸ್ವೀನಿಯ ಬಗ್ಗೆ ಒಂದು ಹೇಳಲು ಮರೆತಿದ್ದೆ. ರೀಗನ್ ಟಿವಿಯಲ್ಲಿ ಮೆರೆಯುತ್ತಿದ್ದ 1977ರಲ್ಲೇ ನಿಜವಾದ ಫ್ಲೈಯಿಂಗ್ ಸ್ಕ್ವಾಡಿನ ಹಿಂದಿನ ಮುಖ್ಯಸ್ಥ ಕೆನೆತ್ ಡ್ರೂರಿಗೆ ಲಂಚದ ಆರೋಪದಲ್ಲಿ ಎಂಟು ವರ್ಷ ಶಿಕ್ಷೆಯಾಯಿತು. ಸೋಹೋದ ಅಶ್ಲೀಲ ವ್ಯಾಪಾರಿಯೊಬ್ಬನ ಸ್ನೇಹ ಮುಳುವಾಯಿತು. ಟಿವಿಯ ರೀಗನ್ ಏಟು ಕೊಡುತ್ತಿದ್ದ, ಆದರೆ ಹಣ ಮುಟ್ಟುತ್ತಿರಲಿಲ್ಲ. ಇಡೀ ಜಾತಿಯ ಗುಟ್ಟು ಇಲ್ಲಿದೆ ಎಂದು ನನಗನಿಸುತ್ತದೆ. ಕಥೆಗಾರ ನಮಗೆ ಮೊದಲೇ ಎರಡು ಭರವಸೆ ಕೊಟ್ಟಿರುತ್ತಾನೆ: ಈತ ಹಣಕ್ಕೆ ಬಗ್ಗುವುದಿಲ್ಲ, ಈತ ಹಿಡಿದವನು ತಪ್ಪಿತಸ್ಥನೇ. ಆ ಎರಡು ಖಾತ್ರಿಯಾದ ಮೇಲೆ ಏಟು ನಮಗೆ ನೋಯುವುದಿಲ್ಲ. ಓದುಗರೇ, ನೀವು ಬೆಂಚಿನ ಮೇಲೆ ಕುಳಿತಿದ್ದಾಗ ಎದುರಿಗಿದ್ದ ಅಧಿಕಾರಿಯ ಬಗ್ಗೆ ಈ ಎರಡರಲ್ಲಿ ಒಂದು ಖಾತ್ರಿಯೂ ನಿಮಗಿರಲಿಲ್ಲ. ಮಗಳಿಗೆ ಇದನ್ನು ಹೇಳಿ ನೋಡಿ.

ಸರಳರೇಖೆ

ಇದು ಒಪ್ಪುವಂಥ ಮಾತು. ಆದರೆ ಕರಿಕೋಟು ಅವರೇ, ಆ ಎರಡನೆಯ ಭರವಸೆಯೇ ದೊಡ್ಡ ಮೋಸ. ಬರ್ಮಿಂಗ್‌ಹ್ಯಾಮಿನ ಪೊಲೀಸರಿಗೂ ತಾವು ಹಿಡಿದವರು ತಪ್ಪಿತಸ್ಥರೇ ಎಂಬ ಖಾತ್ರಿ ಇದ್ದಿರಬೇಕಲ್ಲವೇ?

ಧಾರವಾಡದ ಕರಿಕೋಟು

ಇದ್ದಿರಬೇಕು. ಉತ್ತರವಿಲ್ಲ, ಕುಳಿತುಕೊಳ್ಳುತ್ತೇನೆ.

ನಿದ್ದೆಗೇಡಿ

2006ರ ‘ಲೈಫ್ ಆನ್ ಮಾರ್ಸ್’ ಮಾಡಿದ್ದು ಈ ಆಟವನ್ನೇ. ಈ ಕಾಲದ ಶಿಸ್ತಿನ ಅಧಿಕಾರಿ ಸ್ಯಾಮ್ ಟೈಲರ್ ಕಾರಿಗೆ ಸಿಕ್ಕಿ, ಎದ್ದು ನೋಡಿದರೆ 1973ರ ಮ್ಯಾಂಚೆಸ್ಟರ್. ಅಲ್ಲಿ ಮೇಲಧಿಕಾರಿ ಜೀನ್ ಹಂಟ್. ಕುಡುಕ, ಬಾಯಿಬಡುಕ, ಕೈ ಮುಂದು. ಬರೆದವರು ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಜನ ಮಾತ್ರ ಜೀನ್ ಹಂಟನ್ನೇ ಎತ್ತಿ ಮೆರೆಸಿದರು. ಮುಂದಿನ ಧಾರಾವಾಹಿಗೂ ಉಳಿದುಕೊಂಡು ಬಂದವನು ಅವನೇ, ಸ್ಯಾಮ್ ಅಲ್ಲ.

ಬಿಸಿಲ ಕುದುರೆ

ಜನಕ್ಕೆ ಏನು ಬೇಕೆಂದು ಜನಕ್ಕೆ ಗೊತ್ತು.

ಕರಾವಳಿ ಕಾಗೆ

ಜನಕ್ಕೆ ಗೋಬಿ ಮಂಚೂರಿಯೂ ಬೇಕು.

ಹಳೆಯ ಪುಸ್ತಕದಂಗಡಿ

ನಮ್ಮಲ್ಲಿ ಇಂಥವನು ಯಾಕೆ ಹುಟ್ಟಲಿಲ್ಲ ಎಂದು ಯೋಚಿಸುತ್ತಿದ್ದೆ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಬಾಡಿಗೆ ಗ್ರಂಥಾಲಯದಲ್ಲಿ ಹಾಳೆ ಸವೆದು ಬೆಣ್ಣೆಯಂತಾಗಿದ್ದ ಪ್ರತಿಗಳು ನನಗೆ ನೆನಪಿವೆ, ಕೊನೆಯ ಪುಟವನ್ನು ಯಾವನೋ ಪಾಪಿ ಹರಿದಿರುತ್ತಿದ್ದ. ಅವರ ಪುರುಷೋತ್ತಮ ಚುರುಕು, ಸಾಹಸಿ, ಒಳ್ಳೆಯ ಮನುಷ್ಯ. ಬೆಳಿಗ್ಗೆ ಎದ್ದು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಅಸಹ್ಯಪಟ್ಟುಕೊಳ್ಳುವ ಪತ್ತೇದಾರ ಅವನಲ್ಲ.

ತುಂಗೆಯ ದಡ

ಕೊನೆಯ ಪುಟ ಹರಿದವನೇ ನಿಜವಾದ ಅಪರಾಧಿ. ಅವನಿಗೆ ಮಾತ್ರ ನಾನು ರೀಗನ್ ಪದ್ಧತಿಯನ್ನು ಒಪ್ಪುತ್ತೇನೆ.

ಯಾರ್ಕ್‌ಶೈರಿನ ಇನ್ನೊಬ್ಬ ಒರಟನಿದ್ದಾನಲ್ಲ, ರೆಜಿನಾಲ್ಡ್ ಹಿಲ್ ಅವರ ದಪ್ಪ ಪೊಲೀಸ್, ಡ್ಯಾಲ್‌ಝಿಯೆಲ್. ಅವನನ್ನೂ ಪಟ್ಟಿಗೆ ಸೇರಿಸಿ.

ಲೀತ್ ವಾಸಿ

ಬರೆಯುವುದು ಹಾಗೆ, ಹೇಳುವುದು ‘ಡೀಯೆಲ್’. ಸ್ಕಾಟ್ಲೆಂಡಿನ ಹಳೆಯ ಮನೆತನದ ಹೆಸರು.

ತುಂಗೆಯ ದಡ

ಹದಿನೈದು ವರ್ಷದಿಂದ ತಪ್ಪಾಗಿ ಹೇಳಿಕೊಂಡು ಬಂದಿದ್ದೇನೆ. ಪುಣ್ಯಕ್ಕೆ ಮನಸ್ಸಿನಲ್ಲೇ.

ನಿದ್ದೆಗೇಡಿ

ಗ್ಲಾಸ್ಗೋದ ‘ಟ್ಯಾಗರ್ಟ್’ ಇನ್ನೂ ವಿಚಿತ್ರ. 1983ರಲ್ಲಿ ಶುರುವಾಯಿತು. ಟ್ಯಾಗರ್ಟ್ ಪಾತ್ರದ ಮಾರ್ಕ್ ಮೆಕ್‌ಮಾನಸ್ 1994ರಲ್ಲಿ ತೀರಿಕೊಂಡರು. ಆದರೂ ಧಾರಾವಾಹಿ ಅದೇ ಹೆಸರಿನಲ್ಲಿ 2010ರವರೆಗೆ ನಡೆಯಿತು. ಹದಿನಾರು ವರ್ಷ ಟ್ಯಾಗರ್ಟ್ ಇಲ್ಲದ ಟ್ಯಾಗರ್ಟ್.

ಕರಾವಳಿ ಕಾಗೆ

ನಮ್ಮಲ್ಲಿ ಭಟ್ಟರು ಹೋದ ಮೇಲೂ ಭಟ್ಟರ ಹೋಟೆಲು ನಡೆಯುವುದಿಲ್ಲವೇ?

ಹಳೆಯ ಪುಸ್ತಕದಂಗಡಿ

ಹೋಟೆಲು ಎಂದದ್ದಕ್ಕೆ ನೆನಪಾಯಿತು. ಹೊಡೆತ, ರಕ್ತ ಸಾಕಾಗಿದ್ದರೆ ಹಾರ್ವಿಯವರ ರೆಸ್ನಿಕ್ ಓದಿ. ಪೋಲೆಂಡ್ ಮೂಲದವನು, ಒಂಟಿ, ಜಾಸ್ ಹುಚ್ಚ. ಸಾಕಿದ ನಾಲ್ಕು ಬೆಕ್ಕುಗಳಿಗೆ ಜಾಸ್ ಸಂಗೀತಗಾರರ ಹೆಸರು: ಡಿಜ್ಜಿ, ಮೈಲ್ಸ್, ಬಡ್, ಪೆಪ್ಪರ್. ರಾತ್ರಿ ಬಂದು ಎರಡು ಬ್ರೆಡ್ಡಿನ ನಡುವೆ ಏನೇನೋ ತುಂಬಿ ತಿನ್ನುತ್ತಾನೆ, ಟೈ ಮೇಲೆ ಚೆಲ್ಲಿಕೊಳ್ಳುತ್ತಾನೆ. ಯಾರಿಗೂ ಹೊಡೆಯುವ ಗೋಜಿಗೆ ಹೋಗುವವನಲ್ಲ. ಆದರೂ ಹಳೆಯ ಕಾಲದವನೇ. ಒರಟುತನ ಆ ಊರಿನಲ್ಲಿದೆ, ಅವನಲ್ಲಿಲ್ಲ. 2014ರ ಕೊನೆಯ ಕಾದಂಬರಿಯಲ್ಲಿ 1984ರ ಗಣಿ ಕಾರ್ಮಿಕರ ಮುಷ್ಕರಕ್ಕೆ ಹಿಂದಿರುಗುತ್ತಾನೆ.

ಇನ್ನೊಂದು ತುದಿ ಬೇಕಾದರೆ ಡೆರೆಕ್ ರೇಮಂಡ್. ಹೆಸರೇ ಇಲ್ಲದ ಸಾರ್ಜೆಂಟ್. ಯಾರಿಗೂ ಬೇಡವಾದವರ ಸಾವುಗಳನ್ನು ನೋಡುವ ವಿಭಾಗದಲ್ಲಿರುತ್ತಾನೆ, ಬಡ್ತಿ ಬೇಡ ಎನ್ನುತ್ತಾನೆ. ಊಟಕ್ಕೆ ಮೊದಲು ಓದಬೇಡಿ. ಊಟವಾದ ಮೇಲೂ ಬೇಡ.

ಸಂಜೆ ಓದುಗ

ಮೂರು ದಿನ ಕಾಣೆಯಾಗಿದ್ದೆ, ಕ್ಷಮಿಸಿ. ‘ಲೇಡ್‌ಲಾ’ ಸಿಕ್ಕಿತು. ಕರಿಕೋಟು ಅವರ ಎರಡು ಭರವಸೆಗಳ ಮಾತನ್ನು ಮಗಳಿಗೆ ಹೇಳಿದೆ. “ಅಂದರೆ ಲೇಖಕನ ಗ್ಯಾರಂಟಿ ಕಾರ್ಡು ಇದ್ದರೆ ಹೊಡೆಸಿಕೊಳ್ಳಬಹುದು ಅಂತ” ಎಂದಳು. ಈ ಸಲ ಪಲ್ಯದಲ್ಲಿ ಉಪ್ಪು ಸರಿಯಾಗಿಯೇ ಇತ್ತು, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಪುಸ್ತಕದಲ್ಲಿ ನಲವತ್ತು ಪುಟ ದಾಟಿದ್ದೇನೆ. ಗ್ಲಾಸ್ಗೋದವರ ಮಾತು ಮಾತ್ರ ಕಬ್ಬಿಣದ ಕಡಲೆ. ‘ಪೋಲಿಸ್’ ಎಂದು ಬರುತ್ತದೆ, ಅಚ್ಚಿನ ತಪ್ಪೇ?

ಲೀತ್ ವಾಸಿ

ತಪ್ಪಲ್ಲ. ಇಲ್ಲಿಯ ಜನ ಪೊಲೀಸರಿಗೆ ಹಾಗೆಯೇ ಹೇಳುವುದು. ಒತ್ತು ಮೊದಲ ಅಕ್ಷರದ ಮೇಲೆ: ಪೋಲಿಸ್.

ಸಂಜೆ ಓದುಗ

ನಮ್ಮ ಅಜ್ಜಿಯೂ ಹಾಗೇ ಹೇಳುತ್ತಿದ್ದಳು. ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.